ಅರ್ಜಿಯಲ್ಲಿ ‘ಸಹಾಯಕಿ’ ಎಂದು ಬರೆದದ್ದಕ್ಕೆ

ವಿಶ್ವವಿದ್ಯಾಲಯದ ವಿದೇಶಿ ವಿದ್ಯಾರ್ಥಿಗಳ ಉದ್ಯೋಗ ನೆರವು ಕಚೇರಿಯ ನಿರ್ದೇಶಕರಿಗೆ

ಮಾನ್ಯರೇ,

ತಮ್ಮ ಕಚೇರಿ ಈ ವರ್ಷ ಹೊರತಂದಿರುವ ಕೈಪಿಡಿಯ ಮುಖಪುಟದಲ್ಲಿ ಕೃತಕ ಕಾಲೊಂದನ್ನು ಮಡಿಲಲ್ಲಿಟ್ಟುಕೊಂಡು ನಗುತ್ತಿರುವ ಹುಡುಗಿ ನನ್ನ ಕಾರ್ಯಾಗಾರದಲ್ಲಿ ಕೆಲಸ ಮಾಡುತ್ತಿದ್ದವಳು. ಚಿತ್ರದ ಕೆಳಗೆ ‘ನಮ್ಮ ನೆರವಿನಿಂದ ನೆಲೆ ಕಂಡವರು’ ಎಂದು ದಪ್ಪಕ್ಷರದಲ್ಲಿ ಅಚ್ಚು ಹಾಕಿಸಿದ್ದೀರಿ. ಅವಳು ಈ ದೇಶ ಬಿಟ್ಟು ಹನ್ನೊಂದು ತಿಂಗಳಾಯಿತು. ಬಿಟ್ಟದ್ದು ತಾನಾಗಿ ಅಲ್ಲ, ತಮ್ಮ ಕಚೇರಿ ಬಿಡಿಸಿತು. ಅದರಲ್ಲಿ ನನ್ನ ಕೈಯೂ ಇದೆ. ಅದನ್ನು ಮುಚ್ಚಿಡಲು ಈ ಪತ್ರ ಬರೆಯುತ್ತಿಲ್ಲ.

ನಾನು ಮೂವತ್ತೊಂದು ವರ್ಷದಿಂದ ಕೃತಕ ಕಾಲು ಮಾಡುವವನು. ಬಸ್ ಡಿಪೋ ಹಿಂದಿನ ಬೀದಿಯಲ್ಲಿ ಮೂರು ಕೋಣೆಯ ಕಾರ್ಯಾಗಾರ. ಮುಂದಿನದರಲ್ಲಿ ಬಂದವರನ್ನು ನನ್ನ ಹೆಂಡತಿ ಕೂರಿಸಿ ಮಾತಾಡಿಸುತ್ತಾಳೆ, ನಡುವಿನದರಲ್ಲಿ ಪ್ಲಾಸ್ಟರಿನ ಅಚ್ಚು ತೆಗೆಯುತ್ತೇವೆ, ಹಿಂದಿನದರಲ್ಲಿ ಯಂತ್ರಗಳಿವೆ. ಮೂರು ವರ್ಷದ ಹಿಂದೆ ಒಂದು ಮಧ್ಯಾಹ್ನ ಆ ಹುಡುಗಿ ತಮ್ಮ ಕಚೇರಿ ಕೊಟ್ಟ ಹಾಳೆ ಹಿಡಿದುಕೊಂಡು ಬಂದಳು. ಓದಿನ ಜೊತೆಗೆ ಕೆಲಸ ಕೊಡುವವರ ಪಟ್ಟಿ ಅದು. ನನ್ನಲ್ಲಿಗೆ ಬರುವ ಮೊದಲು ಅವಳು ಹದಿಮೂರು ಬಾಗಿಲು ತಟ್ಟಿದ್ದಳು. ಎರಡಕ್ಕೆ ಬೀಗ ಬಿದ್ದು ಕಾಲವಾಗಿತ್ತು. ಒಂದು ಕಡೆ, ತಾವು ಸೂಚಿಸಿದ ಮಾಲೀಕರು ತೀರಿಕೊಂಡು ನಾಲ್ಕು ವರ್ಷವಾಯಿತು ಎಂದು ಅವರ ಮಗಳು ಹೇಳಿ, ಪಾಪ, ಕೂರಿಸಿ ನೀರು ಕೊಟ್ಟಳಂತೆ. ನಾನು ಆ ಪಟ್ಟಿಗೆ ಹೇಗೆ ಸೇರಿದೆನೋ ನನಗೇ ಗೊತ್ತಿಲ್ಲ. ಎಂದೋ ಒಮ್ಮೆ ತಮ್ಮ ಸಭಾಂಗಣದಲ್ಲಿ ಭಾಷಣ ಮಾಡಿದ್ದೆ, ಅದೇ ಇರಬೇಕು. ಹಾಳೆಯ ಜೊತೆಗೆ ತಮ್ಮವರು ಕೈಕುಲುಕುವುದನ್ನೂ ಕಲಿಸಿ ಕಳಿಸಿದ್ದರು. ಕಲಿಸಿದಂತೆಯೇ ಅವಳು ಗಟ್ಟಿಯಾಗಿ ನನ್ನ ಕೈ ಕುಲುಕಿದಳು. ನನ್ನ ಕೈಯ ಹಸಿ ಪ್ಲಾಸ್ಟರ್ ಅವಳ ಮೊಣಕೈವರೆಗೂ ಮೆತ್ತಿಕೊಂಡಿತು. ಇಬ್ಬರೂ ನಕ್ಕೆವು. ಕೆಲಸ ಸಿಕ್ಕಿದ್ದು ಆ ನಗುವಿನಿಂದ, ತಮ್ಮ ತರಬೇತಿಯಿಂದಲ್ಲ.

ಮೊದಲು ಪ್ಲಾಸ್ಟರಿನ ಬೋಗುಣಿ ತೊಳೆಯಲು ಹಚ್ಚಿದೆ. ಅವಳು ತೊಳೆಯುತ್ತಲೇ ನೂರು ಪ್ರಶ್ನೆ ಕೇಳಿದಳು. ಕಾಲಿನ ಈ ಅಂಚು ಇಷ್ಟೇ ಎತ್ತರ ಯಾಕೆ, ಈ ಚರ್ಮದ ಪಟ್ಟಿ ಇಲ್ಲೇ ಯಾಕೆ. ವಾರ ಕಳೆಯುವುದರೊಳಗೆ ನನ್ನ ಹೆಂಡತಿ ಅವಳಿಗೆ ‘ಯಾಕಮ್ಮ’ ಎಂದು ಹೆಸರಿಟ್ಟಳು. ಅದೇ ನಿಂತುಬಿಟ್ಟಿತು.

ನಮ್ಮಲ್ಲಿಗೆ ಒಬ್ಬ ಅಂಚೆಯಮ್ಮ ಬರುತ್ತಿದ್ದರು. ಇಪ್ಪತ್ತಾರು ವರ್ಷ ಮನೆಮನೆಗೆ ಪತ್ರ ಹಂಚಿ, ಒಂದು ಲಾರಿಯ ದೆಸೆಯಿಂದ ಮೊಣಕಾಲಿನ ಕೆಳಗೆ ಎಡಗಾಲು ಕಳೆದುಕೊಂಡವರು. ಅವರಿಗೆ ನಾನು ಮೂರು ಸಲ ಕಾಲು ಮಾಡಿಕೊಟ್ಟಿದ್ದೆ, ಮೂರು ಸಲವೂ ಹುಣ್ಣಾಯಿತು. ನಿಮ್ಮ ಚರ್ಮ ಸೂಕ್ಷ್ಮ, ಹೊಂದಿಕೊಳ್ಳಬೇಕು ಎಂದು ಹೇಳಿ ಕೈತೊಳೆದುಕೊಂಡಿದ್ದೆ. ಯಾಕಮ್ಮ ಅವರ ಪಕ್ಕದಲ್ಲಿ ಕೂತು, ಮನೆಯಲ್ಲಿ ಇಡೀ ದಿನ ಏನು ಮಾಡುತ್ತೀರಿ ಎಂದು ಕೇಳಿದಳು. ಗಿಡ್ಡ ಮಣೆಯ ಮೇಲೆ ಕೂತು ಬಟ್ಟೆ ಹೊಲಿಯುತ್ತೇನೆ ಎಂದರು. ಆಮೇಲೆ ನನ್ನ ಬಳಿ ಬಂದು ಮೆಲ್ಲಗೆ ಹೇಳಿದಳು: “ಮೇಷ್ಟ್ರೇ, ಅವರು ನಿಲ್ಲೋದಕ್ಕಿಂತ ಕೂರೋದೇ ಜಾಸ್ತಿ. ನಾವು ನಿಂತಿರೋವಾಗಿನ ಅಳತೆ ಮಾತ್ರ ನೋಡಿದೀವಿ. ಕಾಲು ಮಡಿಸಿದಾಗ ಹಿಂದಿನ ಅಂಚು ಕೊರೀತಿದೆ.”

ಹದಿನೈದು ದಿನ ಕೂತು ಆ ಅಂಚನ್ನು ತಗ್ಗಿಸಿ, ಹೊರಕ್ಕೆ ಬಾಗಿಸಿ, ಕೂದಲೆಳೆಯಷ್ಟೇ ಉಜ್ಜುತ್ತ ಹೊಸ ಕಾಲು ಮಾಡಿದಳು. ಅಂಚೆಯಮ್ಮ ಅದನ್ನು ತೊಟ್ಟು ಬಸ್ ನಿಲ್ದಾಣದವರೆಗೆ ಹೋಗಿ ಬಂದರು. ಹುಡುಗಿಯ ಎರಡೂ ಕೆನ್ನೆ ಹಿಡಿದುಕೊಂಡು ನಿಂತುಬಿಟ್ಟರು. ನಾನು ಹಿಂದಿನ ಕೋಣೆಗೆ ಹೋಗಿ ಯಂತ್ರ ಹಾಕಿದೆ. ಮೂವತ್ತೊಂದು ವರ್ಷದಲ್ಲಿ ಇನ್ನೆಷ್ಟು ಜನರಿಗೆ ಚರ್ಮ ಸೂಕ್ಷ್ಮ ಎಂದು ಹೇಳಿ ಕಳಿಸಿದ್ದೇನೋ.

ಅವಳ ಓದು ಮುಗಿಯಿತು. ಪೂರ್ಣಾವಧಿಗೆ ನನ್ನಲ್ಲೇ ಇರು ಎಂದೆ, ಹೂಂ ಎಂದಳು. ಕೆಲಸ ಮಾಡುವವಳು, ಕೊಡುವವನು, ಕಾಲಿಗಾಗಿ ಕಾಯುವವರು, ಎಲ್ಲ ಇದ್ದೆವು. ಬೇಕಾಗಿದ್ದದ್ದು ಈ ಕೆಲಸ ಅವಳ ಪದವಿಗೆ ತಕ್ಕದ್ದು ಎಂಬ ತಮ್ಮ ಕಚೇರಿಯ ಒಂದು ದೃಢೀಕರಣ ಪತ್ರ, ತೊಂಬತ್ತು ದಿನದೊಳಗೆ. ಸಿಗದಿದ್ದರೆ ವೀಸಾ ಮುಗಿದು ಅವಳು ದೇಶ ಬಿಡಬೇಕು. ತಮ್ಮನ್ನು ಕಾಣಲು ಸಿಕ್ಕ ಮೊದಲ ದಿನಾಂಕವೇ ಆರು ವಾರದಾಚೆಗಿತ್ತು. ಆ ದಿನ ನಾನೂ ಜೊತೆಗೆ ಬಂದೆ. ನೆಲಕ್ಕೆ ಬೋಲ್ಟು ಹಾಕಿ ಬಿಗಿದ ಕುರ್ಚಿಗಳು, ಕೈಯಲ್ಲಿ ಟೋಕನ್, ಮೂಲೆಯಲ್ಲಿ ಧೂಳು ಹಿಡಿದ ಪ್ಲಾಸ್ಟಿಕ್ ಗಿಡ. ಹುದ್ದೆಯ ಹೆಸರು ಎಂಬ ಖಾಲಿ ಜಾಗದಲ್ಲಿ ಏನು ಬರೆಯಬೇಕು ಎಂದು ಕೌಂಟರಿನಲ್ಲಿದ್ದ ಗುಮಾಸ್ತರನ್ನು ಕೇಳಿದೆ.

“ಕೆಲಸ ಕೊಡೋರು ನೀವು. ನಿಮಗೆ ಸರಿ ಅನ್ಸಿದ್ದು ಬರೀರಿ,” ಎಂದರು. “ನಾವು ಹೇಳೋ ಹಾಗಿಲ್ಲ.”

ನಾನು ‘ಸಹಾಯಕಿ’ ಎಂದು ಬರೆದೆ.

ಯಾಕೆ ಬರೆದೆ ಎಂದರೆ, ಮಾನ್ಯರೇ, ನನ್ನ ಗುರುಗಳು ಒಂಬತ್ತು ವರ್ಷ ದುಡಿಸಿಕೊಂಡು ಕೊನೆಗೆ ನನ್ನನ್ನು ಆ ಪದದಿಂದ ಕರೆದಿದ್ದರು. ನಮ್ಮ ಕಸುಬಿನಲ್ಲಿ ಅದು, ಗುರು ಅಚ್ಚು ಕೆತ್ತುವ ತನ್ನ ಚಾಕುವನ್ನು ಯಾರ ಕೈಗೆ ನಂಬಿ ಕೊಡುತ್ತಾನೋ ಅವರಿಗೆ ಇಡುವ ಹೆಸರು. ಎಲ್ಲದಕ್ಕೂ ಯಾಕೆ ಎನ್ನುತ್ತಿದ್ದ ಹುಡುಗಿ ಅದನ್ನು ನೋಡಿ ಯಾಕೆ ಎನ್ನಲಿಲ್ಲ. ಅವಳ ಮುಖ ಅರಳಿತು.

ಎರಡು ವಾರಕ್ಕೆ ಉತ್ತರ ಬಂತು. ‘ಸಹಾಯಕಿ’ ಪದವೀಧರರ ಹುದ್ದೆಯಲ್ಲವಾದ್ದರಿಂದ ಅರ್ಜಿ ತಿರಸ್ಕೃತ. ಓಡಿ ಬಂದೆವು. ತಿದ್ದಲು ಹೊಸ ಅರ್ಜಿ, ಹೊಸ ಅರ್ಜಿಗೆ ಹೊಸ ದಿನಾಂಕ, ಅದು ಎಂಟು ವಾರದಾಚೆಗೆ. ಅವಳಿಗೆ ಉಳಿದಿದ್ದದ್ದು ಮೂವತ್ತು ದಿನ. ಆಗ ಅದೇ ಗುಮಾಸ್ತರು ಕೌಂಟರಿನ ಒಳಬದಿಗೆ ಅಂಟಿಸಿದ್ದ ಒಂದು ಹಾಳೆಯನ್ನು ಕಿತ್ತು ನನ್ನತ್ತ ತಿರುಗಿಸಿದರು. ಒಪ್ಪಿತ ಹುದ್ದೆಗಳ ಪಟ್ಟಿ. ವಿನ್ಯಾಸಕಿ ಇತ್ತು, ತಂತ್ರಜ್ಞೆ ಇತ್ತು. ಎರಡೂ ಅವಳೇ. ಮೊದಲ ದಿನ ನಾನು ಲೇಖನಿ ಹಿಡಿದು ಕೇಳಿದಾಗಲೂ ಆ ಹಾಳೆ ಅವರ ಕಣ್ಣೆದುರಿಗೇ ಇತ್ತಲ್ಲವೇ? ನೆರವು ಕಚೇರಿ ಎಂದು ಬಾಗಿಲಿನ ಮೇಲೆ ಬರೆದುಕೊಂಡು, ಕೇಳಿದವರಿಗೆ ಒಂದು ಪದ ಹೇಳಿಕೊಡುವುದು ಅಪರಾಧವೆಂದು ನಿಯಮ ಮಾಡಿದ ಮಹನೀಯರು ಯಾರು? ಗುಮಾಸ್ತರ ಮೇಲೆ ನನಗೆ ಸಿಟ್ಟಿಲ್ಲ. ಬಾಯಿಗೆ ಬೀಗ ಹಾಕಿ ಅವರನ್ನು ಅಲ್ಲಿ ಕೂರಿಸಿದವರು ತಾವು.

ಹೊರಡುವ ಹಿಂದಿನ ದಿನದವರೆಗೂ ಅವಳು ಕೆಲಸಕ್ಕೆ ಬಂದಳು. ಪ್ರತಿಯೊಬ್ಬರೂ ಮನೆಯಲ್ಲಿ ಹೇಗೆ ಕೂರುತ್ತಾರೆ, ಎಷ್ಟು ಮೆಟ್ಟಿಲು ಹತ್ತುತ್ತಾರೆ ಎಂದು ಒಂದು ಪುಸ್ತಕದಲ್ಲಿ ನನಗಾಗಿ ಬರೆದಿಟ್ಟಳು. ವಿಮಾನ ನಿಲ್ದಾಣದಲ್ಲಿ ನನ್ನ ಹೆಂಡತಿ ಅವಳನ್ನು ತಬ್ಬಿ ಬಿಡಲೇ ಇಲ್ಲ. “ತಪ್ಪು ನಿಮ್ದಲ್ಲ ಮೇಷ್ಟ್ರೇ,” ಎಂದಳು ಹುಡುಗಿ ನನಗೆ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ಆಮೇಲೆ ತಮಗೆ ಏಳು ಮೇಲ್ಮನವಿ ಬರೆದೆ. ಎಂಟು ತಿಂಗಳಿಗೆ, ಪದ ತಿದ್ದುಪಡಿಯನ್ನು ಸಹಾನುಭೂತಿಯಿಂದ ಪರಿಗಣಿಸಲಾಗಿದೆ, ಅಭ್ಯರ್ಥಿ ಹೊಸದಾಗಿ ಅರ್ಜಿ ಸಲ್ಲಿಸಬಹುದು ಎಂದು ತಮ್ಮ ಸಹಿಯ ಪತ್ರ ಬಂತು. ಆ ಕ್ಷಣವೇ ಫೋನ್ ಮಾಡಿದೆ. ಅವಳು ಚಿಕ್ಕಮ್ಮನ ಬಟ್ಟೆ ಅಂಗಡಿಯಲ್ಲಿದ್ದಳು. ಗಿರಾಕಿಗಳ ಮಾತು ಕೇಳಿಸುತ್ತಿತ್ತು. ನಾನು ಹೇಳಿದ್ದೆಲ್ಲ ಕೇಳಿಸಿಕೊಂಡಳು.

“ಅಲ್ಲಿದ್ದಾಗ ಬೆಳಗಾದ್ರೆ ಇನ್ನೆಷ್ಟು ದಿನ ಉಳೀತು ಅಂತ ಎಣಿಸ್ತಿದ್ದೆ ಮೇಷ್ಟ್ರೇ. ಈಗ ಎಣಿಸೋದು ಬಿಟ್ಟಿದೀನಿ. ಮತ್ತೆ ಶುರು ಮಾಡೋಕೆ ನನ್ನಿಂದಾಗಲ್ಲ.”

ನಾನು ಒತ್ತಾಯಿಸಲಿಲ್ಲ. ಯಾವ ಬಾಯಿಂದ ಒತ್ತಾಯಿಸಲಿ? ಅಂಚೆಯಮ್ಮ ಹೇಗಿದ್ದಾರೆ ಎಂದು ಕೇಳಿದಳು. ನಡೆಯುತ್ತಿದ್ದಾರೆ ಎಂದೆ. ಅಷ್ಟರಲ್ಲಿ ಯಾರೋ ಅವಳನ್ನು ಕರೆದರು.

ಅವಳನ್ನು ಹಿಂದಕ್ಕೆ ತಂದುಕೊಡಿ ಎಂದು ನಾನು ಕೇಳುವುದಿಲ್ಲ, ಅದು ತಮ್ಮಿಂದ ಆಗುವ ಕೆಲಸವಲ್ಲ. ಕೈಪಿಡಿಯಿಂದ ಅವಳ ಮುಖ ತೆಗೆಯಿರಿ. ಕೌಂಟರಿನ ಒಳಗಿನ ಆ ಹಾಳೆಯನ್ನು ಹೊರಗಿನ ಗೋಡೆಗೆ, ಎಲ್ಲರ ಕಣ್ಣಿಗೆ ಬೀಳುವಂತೆ ಹಾಕಿ. ಬಂದ ದಿನವೇ ಆ ಮಕ್ಕಳ ಪಕ್ಕದಲ್ಲಿ ಕೂತು ಅರ್ಜಿ ಬರೆಸುವ ಒಬ್ಬರನ್ನು ನೇಮಿಸಿ, ಬಾಯಿ ಬಿಟ್ಟು ಹೇಳುವ ಅಧಿಕಾರವನ್ನೂ ಅವರಿಗೆ ಕೊಡಿ. ಪಟ್ಟಿಯಲ್ಲಿರುವ ಮಾಲೀಕರಿಗೆ ವರ್ಷಕ್ಕೊಮ್ಮೆ ಫೋನ್ ಮಾಡಿ, ಬದುಕಿದ್ದಾರೆಯೇ ಎಂದಾದರೂ ವಿಚಾರಿಸಿ.

ಕಳೆದ ಸೋಮವಾರ ತಮ್ಮ ಈ ವರ್ಷದ ಹಾಳೆ ಹಿಡಿದು ಇನ್ನೊಬ್ಬ ಹುಡುಗಿ ನಮ್ಮ ಬಾಗಿಲಿಗೆ ಬಂದಿದ್ದಳು. ಹಿಂದಿನ ಕೋಣೆಯಲ್ಲಿ ಒಂಬತ್ತು ಕಾಲುಗಳ ಕೆಲಸ ಬಾಕಿ ಬಿದ್ದಿದೆ. ಆದರೂ ಕೆಲಸವಿಲ್ಲಮ್ಮ ಎಂದು ಸುಳ್ಳು ಹೇಳಿ ಕಳಿಸಿದೆ. ಅವಳು ಥ್ಯಾಂಕ್ಸ್ ಹೇಳಿ, ಹಾಳೆಯ ಮೇಲೆ ನನ್ನ ಹೆಸರಿಗೆ ಗೀಟು ಎಳೆದುಕೊಂಡು ಹೋದಳು. ಇನ್ನೊಬ್ಬಳಿಗೆ ಚಾಕು ಹಿಡಿಯುವುದನ್ನು ಕಲಿಸಿ, ವಿಮಾನ ಹತ್ತಿಸಿ ಬರುವ ಧೈರ್ಯ ನನ್ನಲ್ಲಿ ಉಳಿದಿಲ್ಲ. ಅದನ್ನು ನನಗೆ ಹಿಂದಿರುಗಿಸಿ. ಇಷ್ಟೇ ನನ್ನ ಬೇಡಿಕೆ.

ಇಂತಿ,
ಬಂದವಳನ್ನು ಬಾಗಿಲಿನಿಂದಲೇ ಕಳಿಸಿ ಅಂದಿನಿಂದ ಸರಿಯಾಗಿ ಊಟ ಸೇರದ,
ಕಾಲು ಮಾಡುವ ಕಸುಬಿನವನು