ಹಿಡಿಯ ಮೇಲಿನ ಗೆರೆ

ಇಶ್ಪೆಮಿಂಗ್, ಮಿಶಿಗನ್
ಅಕ್ಟೋಬರ್ 20

ಅಪ್ಪ,

ಮಂಡಿ ಹೇಗಿದೆ? ಹೋದ ನವೆಂಬರಿನಲ್ಲಿ ನಮ್ಮ ಬೇಟೆಮನೆಯಿಂದ ನೀನು ಊಟಕ್ಕೂ ನಿಲ್ಲದೆ ಹೊರಟಿದ್ದು ಮಂಡಿನೋವಿಗಲ್ಲ ಎಂದು ನನಗೆ ಗೊತ್ತು.

ಅವತ್ತು ಮೈದುನ ಡ್ವೈಟ್ ನನ್ನ ಹಳೇ ಕೋವಿಯನ್ನು ತಿರುಗಿಸಿ, ಭುಜಕ್ಕೆ ಒರಗಿಸುವ ಮರದ ಹಿಡಿಯ ಮೇಲಿನ ಗೆರೆಯನ್ನು ತಟ್ಟಿ, "ಅತ್ತಿಗೆ, ಇದನ್ನ ಸೌದೆ ರಾಶಿಯಿಂದ ಎತ್ಕೊಂಡ್ ಬಂದ್ರಾ?" ಎಂದ. ಎಲ್ಲರೂ ನಕ್ಕರು. "ಯಾರೋ ಮುರಿದಿದ್ದು, ಅಗ್ಗಕ್ಕೆ ಸಿಕ್ತು" ಎಂದುಬಿಟ್ಟೆ. ನೀನು ಪಕ್ಕದ ಅಡುಗೆಮನೆಯಲ್ಲೇ ಈರುಳ್ಳಿ ಹುರಿಯುತ್ತಿದ್ದೆ.

ನನಗೆ ಹನ್ನೆರಡಾದಾಗ, ಪುಟ್ಟ ತೋಳಿಗೆ ಎಟುಕಲೆಂದು, ಇದ್ದ ಒಂದೇ ಕೋವಿಯ ಹಿಡಿಯನ್ನು ನೀನು ಗರಗಸದಿಂದ ಕೊಯ್ದೆ. ನಾನು ಬೆಳೆದ ಮೇಲೆ ಅದೇ ತುಂಡನ್ನು ನೀನೇ ಮತ್ತೆ ಕೂರಿಸಿದೆ. ಆ ಗೆರೆ ಅದರದ್ದೇ.

ಈಗ ಟೆಸ್‌ಗೆ ಹನ್ನೆರಡು. ಮಗಳಿಗೆ ಹೊಸ ಕೋವಿ ನೋಡಲು ನಮ್ಮದನ್ನೂ ಹಿಡಿದು ಹೋದರೆ, ಅಂಗಡಿಯವರು ಅದರ ಗುಂಡು ತುಂಬುವ ಬೋಲ್ಟ್ ಎಳೆದು ನೋಡಿ, "ಇದನ್ನ ಮಾಡೋದು ನಿಲ್ಸಿ ಮೂವತ್ತು ವರ್ಷ ಆಯ್ತು. ಬಡವರ ಕೋವಿ, ಆದ್ರೆ ಗುರಿ ತಪ್ಪಲ್ಲ. ಜನ ಈಗ್ಲೂ ಹುಡುಕ್ಕೊಂಡ್ ಬರ್ತಾರೆ. ಮಾರೋದಾದ್ರೆ ನನಗೇ ಕೊಡಿ" ಎಂದರು. ಹೆಮ್ಮೆಯಾಯಿತು. ಅದಕ್ಕೆ ಹೊರಗಿನವರೊಬ್ಬರು ಹೊಗಳಬೇಕಾಯಿತಲ್ಲ ಎಂದು ಮತ್ತಷ್ಟು ನಾಚಿಕೆಯಾಯಿತು.

ಹೊಸದು ಕೊಳ್ಳಲಿಲ್ಲ. ಟೆಸ್‌ಗಾಗಿ ಆ ತುಂಡನ್ನು ಬಿಚ್ಚಬೇಕು. ಆಮೇಲೆ ತುದಿಯ ರಬ್ಬರ್ ಕೂರಿಸಲು ಗಿಡ್ಡ ಸ್ಕ್ರೂಗಳು ಬೇಕು, ನಿನ್ನ ಡಬ್ಬಿಯಲ್ಲಿರಬಹುದು. ಬೇಟೆ ಶುರುವಾಗುವ ಹಿಂದಿನ ದಿನ, ನವೆಂಬರ್ ಹದಿನಾಲ್ಕಕ್ಕೆ, ತೆಗೆದುಕೊಂಡು ಬಾ. ಬೇಟೆಮನೆಯ ಊಟದ ಮೇಜಿನ ಮೇಲೆ ನೀನೇ ಬಿಚ್ಚು. ಹಿಡಿ ಕೊಯ್ದವರು ಯಾರೆಂದು ಡ್ವೈಟ್ ಕೇಳದಿದ್ದರೂ ಹೇಳುತ್ತೇನೆ, ಅಡುಗೆಮನೆಗೂ ಕೇಳಿಸುವಷ್ಟು ಗಟ್ಟಿಯಾಗಿ.

ನಿನ್ನ ಮಗಳು,
ಐಲಿ