ಹೊಳೆಯುವ ತೋಳುಗಳು

ಬೇಕರ್ಸ್‌ಫೀಲ್ಡ್, ಕ್ಯಾಲಿಫೋರ್ನಿಯಾ
೧೪ ಮೇ ೧೯೫೬

ಪ್ರೀತಿಯ ತಮ್ಮ ಎಮೆಟ್,

ಹೇಗಿದ್ದೀಯಪ್ಪಾ? ನಡೀನಳ ಕೆಮ್ಮು ಇಳಿಯಿತೇ? ಪುಟ್ಟಿ ವಿಲ್ಮಾ ಈಗಲಾದರೂ ಬೀನ್ಸ್ ತಿನ್ನುತ್ತಾಳೋ, ಇನ್ನೂ ತಟ್ಟೆಯಡಿ ಬಚ್ಚಿಡುತ್ತಾಳೋ? ಬರೆಯುವುದು ತಡವಾಯಿತು, ಕೋಪ ಬೇಡ. ಪೆನ್ನು ಹಿಡಿದಾಗಲೆಲ್ಲ ಮಾತು ನಿನ್ನ ಮಗನ ಕಾರಿನ ಹತ್ತಿರವೇ ಹೋಗಿ ನಿಲ್ಲುತ್ತಿತ್ತು.

ಲೈಲ್ ಆರೋಗ್ಯವಾಗಿದ್ದಾನೆ. ಹಳೇ ಕಾರನ್ನು ಬಿಚ್ಚಿ, ಓಟಕ್ಕೆಂದು ನನ್ನ ಗ್ಯಾರೇಜಿನಲ್ಲಿ ಕಟ್ಟುತ್ತಿದ್ದ ಹಾಟ್ ರಾಡ್ ಮುಗಿಯಿತು. ಮೂತಿ ನೆಲ ಮೂಸುವಷ್ಟು ಮುಂಭಾಗ ತಗ್ಗಿಸಿದ್ದಾನೆ. ಮೊದಲ ಸಲ ಓಡಿಸಿದಾಗ ಮುಂದಿನ ಚಕ್ರಗಳು ಚಳಿಜ್ವರ ಬಂದವರಂತೆ ನಡುಗಿದವು. ಆಕ್ಸಲನ್ನು ತುಸು ಹಿಂದಕ್ಕೆ ವಾಲಿಸಿ ಕೂರಿಸಿದ, ನಡುಕ ನಿಂತಿತು. ಖುಷಿಗೆ ಪೀಚ್ ಪೈ ಮಾಡಿದೆ. ಅಷ್ಟಕ್ಕೇ ಬಿಟ್ಟಿದ್ದರೆ ಸಾಕಿತ್ತು.

ಸ್ಟೀರಿಂಗ್ ತಿರುಗಿಸಿದಾಗ ಚಕ್ರವನ್ನು ಹೊರಳಿಸುವ ಉಕ್ಕಿನ ತೋಳುಗಳಿವೆಯಲ್ಲ, ಆ ಕಪ್ಪು ಜೋಡಿಯನ್ನು ಬಿಚ್ಚಿ, ಅಂಗಡಿಯಲ್ಲಿ ಕ್ರೋಮ್ ಲೇಪ ಮಾಡಿಸಿದ ಬೇರೆ ಜೋಡಿ ಹಾಕಿದ. ಕನ್ನಡಿಯ ಹಾಗೆ ಹೊಳೆಯುತ್ತವೆ. ಯುದ್ಧಕಾಲದಲ್ಲಿ ನಾನು ವಿಮಾನ ಕಾರ್ಖಾನೆಯ ಲೇಪನದ ತೊಟ್ಟಿಗಳ ಬಳಿ ದುಡಿದದ್ದು ನಿನಗೆ ಗೊತ್ತು. ತೊಟ್ಟಿಯಿಂದ ತೆಗೆದ ಗಟ್ಟಿ ಉಕ್ಕನ್ನು ಕೂಡಲೇ ಒಲೆಗಿಟ್ಟು ಕಾಯಿಸದಿದ್ದರೆ ಅದು ಒಳಗೊಳಗೇ ಪೆಡಸಾಗುತ್ತದೆ. ಹೊರಗೆ ಒಂದು ಗೆರೆಯೂ ಕಾಣದು. ತಡವಾದ ಮೇಲೆ ಕಾಯಿಸಿಯೂ ಪ್ರಯೋಜನವಿಲ್ಲ.

“ಅಂಗಡಿಯವರು ಒಲೇಲಿ ಇಟ್ಟಿದ್ರೇನೋ?” ಎಂದು ಕೇಳಿದೆ.

“ಅದು ಉಕ್ಕು ಕಣತ್ತೆ, ಕೋಳಿಯಲ್ಲ!” ಎಂದು ನಕ್ಕ.

ಮೊನ್ನೆ ಅವನ ಗೆಳೆಯ ರೂಡಿ, ಅದೇ ಅಂಗಡಿಯಲ್ಲಿ ಕ್ರೋಮ್ ಮಾಡಿಸಿದ ತೋಳನ್ನು ತನ್ನ ಕಾರಿಗೆ ಬಿಗಿಯುತ್ತಿದ್ದ. ಲಟಕ್ ಎಂದು ಬಿಸ್ಕತ್ತಿನಂತೆ ಮುರಿಯಿತು.

“ಲೇ, ಇದು ಓಡೋವಾಗ ಆಗಿದ್ರೆ?” ಎಂದ ರೂಡಿ.

“ನಿಂದು ಕತ್ತೆ ಕೈ. ಜಾಸ್ತಿ ಬಿಗಿದಿದ್ದೀಯ, ಅಷ್ಟೇ,” ಎಂದ ಲೈಲ್. ಆದರೆ ಈ ಸಲ ನಗಲಿಲ್ಲ.

ತಿಂಗಳ ಕೊನೆಯ ಭಾನುವಾರ ಎಲ್ ಮಿರಾಜ್ ಒಣಕೆರೆಯಲ್ಲಿ ಓಟ. ಗಂಟೆಗೆ ನೂರು ಮೈಲಿ ದಾಟಿಸುತ್ತಾನಂತೆ. ಅವನು ಬೀದಿಯಲ್ಲಿ ಒಂದು ಸುತ್ತು ಹೋದರೂ ನಾನು ನಲ್ಲಿ ತೆರೆದಿಟ್ಟು, ಪಾತ್ರೆ ತೊಳೆಯುವುದನ್ನೂ ಮರೆತು ನಿಂತಿರುತ್ತೇನೆ. ಇಂಜಿನ್ನಿನ ಸದ್ದು ತಗ್ಗಿದರೆ ಒದ್ದೆ ಕೈಯಲ್ಲೇ ಬೀದಿಗೆ ಓಡುತ್ತೇನೆ.

ಆ ಭಗವಂತ ನಿಮ್ಮನ್ನೆಲ್ಲ ಅಂಗೈಯಲ್ಲಿಟ್ಟು ಕಾಯಲಿ.

ನಿನ್ನ ಅಕ್ಕ,
ಓಪಲ್

ತಾ.ಕ.: ಇದು ಮರೆತು ಕೆಳಗೆ ಬಂದ ಮಾತಲ್ಲ. ಮೇಲೆ ಬರೆಯಲು ಧೈರ್ಯ ಸಾಲಲಿಲ್ಲ. ಈಸ್ಟರ್‌ಗೆ ಬಂದಾಗ ನೀನು ಆ ಕಾರನ್ನು ಸುತ್ತಿ ನೋಡಿ, ಅವನ ಗೆಳೆಯರ ಮುಂದೆಯೇ, “ಗುಜರಿ ರಾಶಿ. ನನ್ನ ಮಗ ಮಾಡಿದ್ದು ಅಂತ ಎಲ್ಲೂ ಬಾಯಿಬಿಡಬೇಡ” ಅಂದೆ. ನಿನಗೆ ನೆನಪಿರಲಿಕ್ಕಿಲ್ಲ. ನೀನು ಹೊರಟ ಮಾರನೆಯ ದಿನವೇ ಅವನು ಕ್ರೋಮ್ ಅಂಗಡಿಗೆ ಹೋದದ್ದು. ಕಪ್ಪು ಜೋಡಿಯನ್ನೇ ಹಾಕೋ ಎಂದು ಬೇಡಿಕೊಂಡರೆ, “ಅಪ್ಪಂಗೆ ಫೋಟೋ ಕಳಿಸ್ಬೇಕತ್ತೆ, ಹೊಳೀಬೇಕು” ಅನ್ನುತ್ತಾನೆ. ಆ ಕಪ್ಪು ಜೋಡಿಗೆ ಎಣ್ಣೆ ಸವರಿ ಹಿಟ್ಟಿನ ಡಬ್ಬದ ಹಿಂದೆ ಇಟ್ಟಿದ್ದೇನೆ. ನನ್ನ ಮಾತು ಅವನು ಕೇಳುವುದಿಲ್ಲ, ನಿನ್ನದು ಕೇಳುತ್ತಾನೆ. ಕಾರು ಚೆನ್ನಾಗಿದೆ ಮಗನೇ, ಕಪ್ಪು ತೋಳೇ ಇರಲಿ ಅಂತ ಒಂದು ಸಾಲು, ಅವನ ಹೆಸರಿಗೇ, ಆ ಭಾನುವಾರದೊಳಗೆ ಮುಟ್ಟುವ ಹಾಗೆ ಬೇಗ ಬರೆಯೋ ಎಮೆಟ್.