ಅರ್ಧ ಕಮಾಂಡರ್

ಶಿರ್ವ,
14 ನವೆಂಬರ್ 1984

ಪ್ರೀತಿಯ ತಮ್ಮ ಜೇಮ್ಸ್,

ಬಹರೈನಿನಲ್ಲಿ ನೀನು ಸೌಖ್ಯವೆಂದು ನಂಬಿದ್ದೇನೆ. ಜೂನ್ ತಿಂಗಳ ನಂತರ ನಿನ್ನ ಕಾಗದವೇ ಇಲ್ಲದ್ದರಿಂದ ನಂಬುವುದೊಂದೇ ನನಗೆ ಉಳಿದ ದಾರಿ. ಹಡಗು ರಿಪೇರಿಯ ಕಟ್ಟೆಯಲ್ಲಿ ಸೆಕೆ ಇಳಿಯಿತೇ? ಹೊಟ್ಟೆ ಸರಿ ಉಂಟೇ? ಇಲ್ಲಿ ನಾನು, ರೋಸಿ, ಮಕ್ಕಳು ಕ್ಷೇಮ. ಅಮ್ಮನ ಕ್ಷೇಮವೇ ಈ ಪತ್ರದ ವಿವಾದ. ಉಪಚಾರ ಇಲ್ಲಿಗೆ ಮುಗಿಯಿತು, ಇನ್ನು ಜಗಳ.

ನೀನು ಹಿಂದೆ ಕಳುಹಿಸಿದ ಗೇಣುದ್ದದ ಪ್ಲಾಸ್ಟಿಕ್ ಯುದ್ಧಟ್ಯಾಂಕನ್ನು ನಾನು ತುಂಡಿಗೆ ತುಂಡು ಜೋಡಿಸಿ ಹೋದ ವರ್ಷ ಮಣಿಪಾಲದ ಹವ್ಯಾಸ ಪ್ರದರ್ಶನದಲ್ಲಿ ಇಟ್ಟದ್ದು, ನಮ್ಮ ಬ್ಯಾಂಕಿನಲ್ಲೇ ಕೆಲಸ ಮಾಡುವ ಕಡಿಯಾಳಿಯ ವಿಷ್ಣುಮೂರ್ತಿ ಬಂದು ಕನ್ನಡಕ ಏರಿಸಿ, "ಲಿಯೋನೆಲ್ ಮಾರಾಯ್ರೆ, ಇದರಲ್ಲಿ ಜನವೇ ಇಲ್ಲವಲ್ಲ, ಎಲ್ಲ ಊಟಕ್ಕೆ ಹೋಗಿದ್ದಾರಾ?" ಎಂದು ನಾಲ್ಕು ಜನರ ಎದುರು ಕೇಳಿದ್ದು ನಿನಗೆ ಗೊತ್ತೇ ಉಂಟು. ಆ ಸಂಕಟವನ್ನು ನಿನಗೆ ಬರೆದೆ. ನೀನು ಏನು ಮಾಡಿದೆ? ಒಂದಕ್ಷರ ಸಮಾಧಾನ ಬರೆಯದೆ, ಟ್ಯಾಂಕನ್ನು ಸುಧಾರಿಸುವ ಬಿಡಿಭಾಗಗಳ ಪೊಟ್ಟಣವೊಂದನ್ನು ಅಂಚೆಗೆ ಹಾಕಿದೆ. ರೆಸಿನ್ ಎಂಬ ರಾಳದಲ್ಲಿ ಎರಕ ಹೊಯ್ದ ಹೊಸ ತೋಪಿನ ಕೊಳವೆ, ಪೆಟ್ಟಿಗೆಗಳು, ಕೊಕ್ಕೆಗಳು, ಮೇಲಿನ ಮುಚ್ಚಳ, ಆ ಮುಚ್ಚಳದ ತೂತಿನಲ್ಲಿ ನಿಲ್ಲಿಸಲು ಸೊಂಟದವರೆಗೆ ಮಾತ್ರ ಇರುವ ಒಬ್ಬ ಕಮಾಂಡರ್. ಪೊಟ್ಟಣದಲ್ಲಿ ಕಾಗದ ಮಾತ್ರ ಇರಲಿಲ್ಲ.

ಸುಧಾರಣೆ ಎಂದರೆ ಎಂತ ಮಾರಾಯ? ಮೊದಲು ನಾನು ಕಣ್ಣು ಕಿವುಚಿಕೊಂಡು ಅಂಟಿಸಿದ್ದನ್ನೆಲ್ಲ ಕೆತ್ತಿ ತೆಗೆಯಬೇಕು. ಹಳೆಯ ಗೋಂದು ಈ ರೆಸಿನ್ ಮಹಾಶಯರಿಗೆ ಹಿಡಿಯುವುದಿಲ್ಲ, ಬೇರೆ ಗೋಂದು ಬೇಕು, ಅದು ನನ್ನ ಎರಡು ಬೆರಳುಗಳನ್ನು ಒಂದು ಮಾಡಿತು. ಎರಕದ ಎಣ್ಣೆ ಹೋಗಲು ಪ್ರತಿ ತುಂಡಿಗೂ ಸಾಬೂನಿನ ಸ್ನಾನ. ಪುಡಿ ಎದೆಗೆ ಹೋಗಬಾರದೆಂದು ನೀರೊಳಗೆ ಉಜ್ಜಬೇಕು. ಇಷ್ಟೆಲ್ಲ ಸೇವೆ ಮಾಡಿಸಿಕೊಂಡ ತೋಪಿನ ಕೊಳವೆ ಪಡುವಲಕಾಯಿಯ ಹಾಗೆ ಬಾಗಿತ್ತು! ಬಿಸಿ ಗಂಜಿತಿಳಿಯಲ್ಲಿ ಅದ್ದಿ, ಪಡುವಲಕಾಯಿಗೆ ಕಟ್ಟುವ ಹಾಗೆಯೇ ತುದಿಗೆ ಕಲ್ಲು ಕಟ್ಟಿ ತೂಗಿಸಿದೆ. "ಬೆಳೆದ ಮೇಲೆ ಹೇಳಿ, ಪಲ್ಯ ಮಾಡುವಾ" ಎಂದಳು ರೋಸಿ. ಈ ಮನೆಯಲ್ಲಿ ಕಲೆಗೆ ಇರುವ ಗೌರವ ಇಷ್ಟು.

ಈಗ ಮುಖ್ಯ ಅನ್ಯಾಯ. ತೊಳೆದ ಕಮಾಂಡರನನ್ನು ಒಣಗಲು ಕಿಟಕಿಯಲ್ಲಿ ಇಟ್ಟಿದ್ದೆ. ಅಂದು ನವೆಂಬರ್ ಎರಡು, ಸತ್ತವರಿಗಾಗಿ ಪ್ರಾರ್ಥಿಸುವ ಸಕಲ ಆತ್ಮಗಳ ದಿನ. ಸಂಜೆ ಬ್ಯಾಂಕಿನಿಂದ ಬಂದು ನೋಡಿದರೆ ಅವನು ದೇವರ ಪೀಠದಲ್ಲಿ, ಎದುರಿಗೆ ಉರಿಯುವ ಮೇಣದಬತ್ತಿ! ಇಗರ್ಜಿಯ ಹಳೆಯ ಚಿತ್ರದಲ್ಲಿ ಶುದ್ಧೀಕರಣದ ಬೆಂಕಿಯಿಂದ ಸೊಂಟದವರೆಗೆ ಎದ್ದು ಕೈ ಎತ್ತುವ ಆತ್ಮಗಳಿವೆಯಲ್ಲ, ಅಮ್ಮ ಇವನನ್ನು ಅವರ ಪಂಗಡಕ್ಕೆ ಸೇರಿಸಿಬಿಟ್ಟಿದ್ದಾಳೆ. "ಮಾಂಯ್, ಅದು ನನ್ನ ಟ್ಯಾಂಕಿನ ಕಮಾಂಡರ್, ಮುಂದೆ ಹೋಗಿ ಅಂತ ಕೈ ತೋರಿಸುವುದು" ಎಂದೆ. "ಮುಂದೆ ಹೋಗುವವನು ಅಷ್ಟು ದುಃಖದಲ್ಲಿ ಇರ್ತಾನಾ?" ಎಂದಳು. ಕಿವಿಯ ಮೇಲಿರುವುದು ರೇಡಿಯೋ ಕೇಳುವ ಸಾಧನವೆಂದೆ. "ಅಲ್ಲ, ಉಳಿದವರ ಕೂಗು ಕೇಳಬಾರದು ಅಂತ ಮುಚ್ಚಿಕೊಂಡದ್ದು" ಎಂದಳು.

ಫಾದರ್ ಬಂದಾಗ ದೂರು ಕೊಟ್ಟೆ. ಅವರು ಕಮಾಂಡರನನ್ನು ತಿರುಗಿಸಿ ನೋಡಿ, "ಪ್ರಾರ್ಥನೆ ವ್ಯರ್ಥ ಆಗುವುದಿಲ್ಲ ಲಿಯೋನೆಲ್" ಎಂದು ಚಹಾ ಕುಡಿದು ಹೋದರು. ಧರ್ಮಸಭೆಯೂ ಕೈಬಿಟ್ಟಿತು. ಈಗ ಪಕ್ಕದ ಮನೆಯ ಪ್ರೆಸಿಲ್ಲಾಬಾಯಿ ಹೂವು ತಂದಿಡುತ್ತಾರೆ. ಪ್ರದರ್ಶನ ಬರುವ ಭಾನುವಾರ. ನೆಟ್ಟಗಾದ ತೋಪು, ಪೆಟ್ಟಿಗೆ, ಕೊಕ್ಕೆ ಎಲ್ಲ ಉಂಟು, ಮುಚ್ಚಳ ತೆರೆದಿದೆ, ಒಳಗೆ ಮತ್ತೆ ಯಾರೂ ಇಲ್ಲ. ವಿಷ್ಣುಮೂರ್ತಿಯ ಕನ್ನಡಕ ಏರುವುದು ನನಗೆ ಈಗಲೇ ಕಾಣುತ್ತದೆ.

ಕದಿಯೋಣವೆಂದರೆ ಅದೂ ಆಗದು. ಅಮ್ಮ ಅಂದಿನಿಂದ ಮೀನು ಮುಟ್ಟಿಲ್ಲ. ರೋಸಿ ಬಂಗುಡೆ ಗಸಿ ಮಾಡಿ ಎದುರಿಗಿಟ್ಟರೂ ಬರೀ ಗಂಜಿ, ಉಪ್ಪಿನಕಾಯಿ. ಕೇಳಿದರೆ, "ಜೇಮ್ಸ್ ಸುಮ್ಮನೆ ಕಳುಹಿಸಿದ್ದಲ್ಲ, ಅವನಿಗೆ ಎಂತದೋ ಆಗಿದೆ" ಎನ್ನುತ್ತಾಳೆ. ಎಪ್ಪತ್ತನಾಲ್ಕರ ಪ್ರಾಯದಲ್ಲಿ ಈ ಹರಕೆ ಬೇಕಾ? ಇದಕ್ಕೆಲ್ಲ ನೀನೇ ಹೊಣೆ. ಕೂಡಲೇ ಅಮ್ಮನಿಗೆ ಎರಡು ಸಾಲು ಬರೆ, ಕಮಾಂಡರನನ್ನು ಬಿಡುಗಡೆ ಮಾಡಿಸು.

ರೋಸಿಯ, ಮಕ್ಕಳ ನೆನಪುಗಳು. ದೇವರು ನಿನ್ನನ್ನು ಕಾಯಲಿ, ಆಟಿಕೆ ಅಂಗಡಿಗಳಿಂದ ದೂರವೂ ಇಡಲಿ.

ಉರಿಯುತ್ತಿರುವ ನಿನ್ನ ಅಣ್ಣ,
ಲಿಯೋನೆಲ್

ತಾ.ಕ.: ಕವರು ಅಂಟಿಸುವಾಗ ಅಮ್ಮ ಬಂದು, "ಕಾಲು ಎಲ್ಲಿ ಅಂತ ಕೇಳಿ ಬರೆದೆಯಾ?" ಎಂದಳು. ಕಮಾಂಡರನಿಗೆ ಕಾಲು ಬೇಡ, ಟ್ಯಾಂಕಿನೊಳಗೆ ಕಾಣುವುದಿಲ್ಲ ಎಂದೆ. "ಅವನದ್ದಲ್ಲ, ಜೇಮ್ಸನದ್ದು" ಎಂದು ಆಲ್ಬಂ ತಂದು ನನ್ನ ಮಡಿಲಲ್ಲಿಟ್ಟಳು. ನಗುತ್ತಲೇ ಪುಟ ತಿರುಗಿಸಿದೆ. ಹೋದ ಈಸ್ಟರಿನಿಂದ ಈಚೆಗೆ ನೀನು ಕಳುಹಿಸಿದ ಫೋಟೋಗಳಲ್ಲೆಲ್ಲ ಮೇಜಿನ ಹಿಂದೆ ಕುಳಿತಿದ್ದೀ. ಒಂದರಲ್ಲೂ ಸೊಂಟದ ಕೆಳಗೆ ಇಲ್ಲ. ಹಡಗು ರಿಪೇರಿಯವನಿಗೆ ಮೇಜು ಎಲ್ಲಿಂದ ಬಂತು ಜೇಮ್ಸ್? ನಿಂತು ತೆಗೆಸಿದ ಒಂದು ಫೋಟೋ ಕಳುಹಿಸು. ನಿಲ್ಲಲಾಗದಿದ್ದರೆ ಅದನ್ನು ನನಗೆ ಬರೆ, ಬ್ಯಾಂಕಿನ ವಿಳಾಸಕ್ಕೆ. ಕಮಾಂಡರ್ ಪೀಠದಲ್ಲೇ ಇರಲಿ, ಟ್ಯಾಂಕಿನ ಮುಚ್ಚಳವನ್ನು ಈಗಷ್ಟೇ ಅಂಟಿಸಿ ಮುಚ್ಚಿದೆ.